ದ್ವೀಪ ಮರಳಿತು, ನೆಲೆ ಮರಳಲಿಲ್ಲ: ಒಕಿನಾವಾ ಹಸ್ತಾಂತರದ ಹಿಂದಿನ ಗುದ್ದಾಟ

ಜಪಾನಿನ ಒಕಿನಾವಾ ದ್ವೀಪದಲ್ಲಿ ಗಿನೊವಾನ್ ಎಂಬ ನಗರವಿದೆ. ಅದರ ನಟ್ಟನಡುವೆ ಸುಮಾರು 480 ಹೆಕ್ಟೇರ್ ಜಾಗಕ್ಕೆ ಬೇಲಿ ಹಾಕಿ ಅಮೆರಿಕದ ಮರೀನ್ ಪಡೆ ಕೂತಿದೆ. ಇದು ಫುತೆನ್ಮಾ ವಾಯುನೆಲೆ. ಬೇಲಿಗೆ ಅಂಟಿಕೊಂಡೇ ಮನೆಗಳಿವೆ, ಶಾಲೆಗಳಿವೆ. 2004ರಲ್ಲಿ ಮಿಲಿಟರಿ ಹೆಲಿಕಾಪ್ಟರ್ ಒಂದು ಪಕ್ಕದ ವಿಶ್ವವಿದ್ಯಾಲಯದ ಆವರಣಕ್ಕೇ ಬಿದ್ದಿತ್ತು. ಈ ನೆಲೆಯನ್ನು 5ರಿಂದ 7 ವರ್ಷದೊಳಗೆ ಬಿಟ್ಟುಕೊಡುವುದಾಗಿ ಎರಡೂ ಸರ್ಕಾರಗಳು ಘೋಷಿಸಿದ್ದು 1996ರ ಏಪ್ರಿಲ್‌ನಲ್ಲಿ. ಮೂರು ದಶಕದ ಹತ್ತಿರ ಬಂದರೂ ನೆಲ ಕೈಬದಲಾಗಿಲ್ಲ.

ಎರಡೂ ಕಡೆಯವರು ಒಪ್ಪಿ ಸಹಿ ಮಾಡಿದ ಮಾತು ಹೀಗೆ ಕೊಳೆಯುವುದೇಕೆ? ಇಂದಿನ ರಾಜಕೀಯ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧ ಸಿಗಬೇಕಾದರೆ 1945ರಿಂದ 1972ರವರೆಗೆ ವಾಷಿಂಗ್ಟನ್ನಿನ ಒಳಗೇ ಅಮೆರಿಕದ ಸೇನೆಗೂ ವಿದೇಶಾಂಗ ಇಲಾಖೆಗೂ ನಡೆದ ಜಗಳವನ್ನು ಬಿಡಿಸಿ ನೋಡಬೇಕು. ಯುದ್ಧದಲ್ಲಿ ಹಿಡಿದ ದ್ವೀಪಗಳನ್ನು ವಾಪಸು ಕೊಡಬೇಕೋ ಬೇಡವೋ ಎಂಬ ಆ ಜಗಳ ಮುಗಿದ ರೀತಿಯಲ್ಲೇ ಇವತ್ತಿನ ಗಂಟು ಬಿದ್ದಿದೆ.

ನಮ್ಮ ಕಂದಾಯ ಕಚೇರಿಯ ಮಾತಿನಲ್ಲಿ ಹೇಳಿದರೆ ವಿಷಯ ಬೇಗ ತಿಳಿಯುತ್ತದೆ. ಪಹಣಿಯಲ್ಲಿ ಹೆಸರು ಒಬ್ಬರದಿರಬಹುದು, ಸ್ವಾಧೀನ ಇನ್ನೊಬ್ಬರ ಕೈಲಿರಬಹುದು, ಬೆಳೆ ಒಯ್ಯುವವರು ಮೂರನೆಯವರಿರಬಹುದು. ದ್ವೀಪಕ್ಕೂ ಹೀಗೆ ಮೂರು ಪದರಗಳಿವೆ: ಸಾರ್ವಭೌಮತ್ವ, ಆಡಳಿತ, ಮಿಲಿಟರಿ ಬಳಕೆ. ರಾಜತಾಂತ್ರಿಕರ ಚಿಂತೆಯೆಲ್ಲ ಮೊದಲನೆಯದರ ಸುತ್ತ, ಸೇನೆಯ ಚಿಂತೆ ಮೂರನೆಯದರ ಸುತ್ತ. ನಡುವಿನ ಆಡಳಿತಕ್ಕಾಗಿ ಇಬ್ಬರೂ 27 ವರ್ಷ ಎಳೆದಾಡಿದರು.

ಗೆದ್ದವರೊಳಗಿನ ಭಿನ್ನಮತ

ಒಕಿನಾವಾ ಮುಖ್ಯ ದ್ವೀಪದ ಮೇಲೆ ಅಮೆರಿಕದ ಪಡೆ ಇಳಿದದ್ದು 1945ರ ಏಪ್ರಿಲ್ 1ರಂದು. ಜೂನ್ ಕೊನೆಯ ಹೊತ್ತಿಗೆ ಎರಡೂ ಕಡೆ ಸೇರಿ 2 ಲಕ್ಷಕ್ಕೂ ಹೆಚ್ಚು ಜನ ಸತ್ತಿದ್ದರು. ಅವರಲ್ಲಿ 12,000ಕ್ಕೂ ಹೆಚ್ಚು ಅಮೆರಿಕನ್ನರಿದ್ದರು. ಒಕಿನಾವಾದ ಜನರಲ್ಲಿ ಸುಮಾರು ನಾಲ್ವರಿಗೊಬ್ಬರು ಪ್ರಾಣ ಕಳೆದುಕೊಂಡರು. ಅದಕ್ಕೆ ಕೆಲವೇ ವಾರಗಳ ಹಿಂದೆ ಇವೊ ಜಿಮಾ ಎಂಬ ಗಂಧಕದ ಬಂಡೆಗಾಗಿ ಸುಮಾರು 7,000 ಅಮೆರಿಕನ್ ಯೋಧರು ಸತ್ತಿದ್ದರು. ಇಷ್ಟು ರಕ್ತ ಕೊಟ್ಟು ಪಡೆದ ನೆಲವನ್ನು ಕಾಗದದ ಮೇಲೆ ಬಿಟ್ಟುಕೊಡುವುದು ಸೇನಾಧಿಕಾರಿಗಳಿಗೆ ಒಗ್ಗದ ಮಾತಾಗಿತ್ತು. ಆ ಭಾವನೆಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಸೇನೆಯ ವಾದ ನಿಂತದ್ದು ಭೂಗೋಳದ ಮೇಲೆ. ತೈವಾನ್, ಕೊರಿಯಾ, ಚೀನಾದ ಕರಾವಳಿ ಎಲ್ಲವೂ ಒಕಿನಾವಾದಿಂದ ಬಾಂಬರ್ ವಿಮಾನಗಳಿಗೆ ಎಟುಕುವ ದೂರದಲ್ಲಿವೆ. ಜಪಾನಿನ ಮುಖ್ಯಭೂಮಿಯಲ್ಲಿರುವ ನೆಲೆಗಳು ನಾಳೆ ಒಂದು ಚುನಾವಣೆಯಿಂದ ಕೈತಪ್ಪಬಹುದು, ತಮ್ಮದೇ ಆಡಳಿತವಿರುವ ದ್ವೀಪಕ್ಕೆ ಆ ಭಯವಿಲ್ಲ.

1946ರ ಜನವರಿ 29ರಂದು ಸೋತ ಜಪಾನನ್ನು ಆಳುತ್ತಿದ್ದ ಮಿತ್ರರಾಷ್ಟ್ರಗಳ ಪಡೆಯ ಮುಖ್ಯ ಕಚೇರಿ ಹೊರಡಿಸಿದ ಆದೇಶವೊಂದು 30 ಡಿಗ್ರಿ ಉತ್ತರ ಅಕ್ಷಾಂಶಕ್ಕಿಂತ ಕೆಳಗಿನ ದ್ವೀಪಗಳನ್ನು ಜಪಾನಿನ ಆಡಳಿತದಿಂದ ಕತ್ತರಿಸಿತು. ಅದೇ ವರ್ಷ ವಿದೇಶಾಂಗ ಇಲಾಖೆ ಇದಕ್ಕೆ ವಿರುದ್ಧವಾದ ಶಿಫಾರಸು ಮಾಡಿತು: ರ್ಯುಕ್ಯು ದ್ವೀಪಗಳು (ಒಕಿನಾವಾ ಸೇರಿದ ದ್ವೀಪಸಾಲು) ಜಪಾನಿಗೇ ಸೇರಬೇಕು, ಅಲ್ಲಿ ಸೇನೆ ಇರಬಾರದು. ನೆಲ ನುಂಗುವುದಿಲ್ಲ ಎಂದು 1943ರ ಕೈರೊ ಘೋಷಣೆಯಲ್ಲಿ ಮಿತ್ರರಾಷ್ಟ್ರಗಳು ಸಾರಿದ್ದವು; ಆ ಮಾತಿಗೆ ತಾವೇ ತಪ್ಪಿದರೆ ಸೋವಿಯತ್ ಒಕ್ಕೂಟಕ್ಕೆ ಬುದ್ಧಿ ಹೇಳುವ ಬಾಯಿ ಇರುವುದಿಲ್ಲ ಎಂಬ ಭಯ ಅದರ ಹಿಂದಿತ್ತು. ಜಂಟಿ ಸೇನಾ ಮುಖ್ಯಸ್ಥರ ಮಂಡಳಿ ಒಪ್ಪಲಿಲ್ಲ. ವಿಶ್ವಸಂಸ್ಥೆಯ ಟ್ರಸ್ಟೀಶಿಪ್ (ಅದರ ಪರವಾಗಿ ಒಂದು ದೇಶ ಇನ್ನೊಂದು ಪ್ರದೇಶವನ್ನು ಆಳುವ ವ್ಯವಸ್ಥೆ) ಹೆಸರಿನಲ್ಲಿ ದ್ವೀಪಗಳ ಪೂರ್ಣ ಹತೋಟಿ ಅಮೆರಿಕಕ್ಕೇ ಸಿಗಬೇಕೆಂದು ಪಟ್ಟು ಹಿಡಿಯಿತು.

ಶೀತಲ ಸಮರ ಬಿಸಿಯೇರಿದಂತೆ ರಾಜತಾಂತ್ರಿಕರ ನಿಲುವೂ ಬದಲಾಯಿತು. 1948ರ ಮಾರ್ಚ್‌ನಲ್ಲಿ ವಿದೇಶಾಂಗ ಇಲಾಖೆಯಲ್ಲಿ ನೀತಿ ರೂಪಿಸುತ್ತಿದ್ದ ಜಾರ್ಜ್ ಕೆನನ್ ಜಪಾನಿಗೆ ಬಂದು, ಅಲ್ಲಿ ಮಿತ್ರರಾಷ್ಟ್ರಗಳ ಆಡಳಿತ ನಡೆಸುತ್ತಿದ್ದ ಜನರಲ್ ಮೆಕಾರ್ಥರ್ ಜೊತೆ ಮಾತಾಡಿ ಹೋದ ಮೇಲೆ, ಒಕಿನಾವಾದ ನೆಲೆಗಳನ್ನು ದೀರ್ಘಕಾಲ ಉಳಿಸಿಕೊಳ್ಳಬೇಕೆಂಬುದು ಸರ್ಕಾರದ ನೀತಿಯಾಯಿತು. ಟೋಕಿಯೊದಿಂದಲೂ ಒಂದು ಸುಳಿವು ಬಂದಿತ್ತು. 1947ರ ಸೆಪ್ಟೆಂಬರ್‌ನಲ್ಲಿ ಚಕ್ರವರ್ತಿ ಹಿರೊಹಿಟೊ ಅವರ ಆಪ್ತರೊಬ್ಬರು ಅಮೆರಿಕದ ಅಧಿಕಾರಿಗೆ ಒಂದು ಸಂದೇಶ ಮುಟ್ಟಿಸಿದ್ದರು. ಸಾರ್ವಭೌಮತ್ವ ಜಪಾನಿನದೇ ಎಂದು ಉಳಿಸಿ, 25ರಿಂದ 50 ವರ್ಷ ಅಥವಾ ಇನ್ನೂ ಹೆಚ್ಚು ಕಾಲದ ಗುತ್ತಿಗೆಯ ರೂಪದಲ್ಲಿ ಒಕಿನಾವಾವನ್ನು ಅಮೆರಿಕ ಇಟ್ಟುಕೊಳ್ಳಬಹುದು ಎಂಬುದು ಅದರ ತಿರುಳು. ಈ ಕಾಗದ ಬಯಲಾದದ್ದು 1979ರಲ್ಲಿ. ಒಕಿನಾವಾದವರ ಮನಸ್ಸಿನಲ್ಲಿ ಟೋಕಿಯೊ ಬಗ್ಗೆ ಉಳಿದಿರುವ ಕಹಿಗೆ ಇದೂ ಒಂದು ಕಾರಣ. ಆ ಗುತ್ತಿಗೆಯ ಮಾತು ನಡೆಯುವಾಗ ಅವರನ್ನು ಕೇಳಿದವರೇ ಇರಲಿಲ್ಲ.

ಮೂರನೇ ವಿಧಿ ಎಂಬ ಕೀಲಿ

1951ರ ಸೆಪ್ಟೆಂಬರ್ 8ರಂದು ಸಹಿಯಾದ ಸ್ಯಾನ್ ಫ್ರಾನ್ಸಿಸ್ಕೊ ಶಾಂತಿ ಒಪ್ಪಂದದ 3ನೇ ವಿಧಿಯನ್ನು ಗಮನವಿಟ್ಟು ಓದಬೇಕು. 29 ಡಿಗ್ರಿ ಅಕ್ಷಾಂಶಕ್ಕಿಂತ ದಕ್ಷಿಣದ ದ್ವೀಪಗಳನ್ನೂ ಬೊನಿನ್ ದ್ವೀಪಗಳನ್ನೂ (ಜಪಾನಿಯರಿಗೆ ಇವು ಒಗಸವಾರಾ) ಟ್ರಸ್ಟೀಶಿಪ್‌ಗೆ ಒಳಪಡಿಸಲು ಅಮೆರಿಕ ವಿಶ್ವಸಂಸ್ಥೆಯ ಮುಂದೆ ಪ್ರಸ್ತಾವ ಇಟ್ಟರೆ ಜಪಾನ್ ಒಪ್ಪಬೇಕು ಎನ್ನುತ್ತದೆ ಅದು. ಪ್ರಸ್ತಾವ ಇಟ್ಟು ಅದು ಅಂಗೀಕಾರವಾಗುವವರೆಗೆ ಆಡಳಿತ, ಶಾಸನ, ನ್ಯಾಯಾಧಿಕಾರ ಎಲ್ಲವೂ ಅಮೆರಿಕದ್ದು. ಪ್ರಸ್ತಾವವನ್ನು ಯಾವಾಗ ಇಡಬೇಕೆಂದು ಎಲ್ಲೂ ಬರೆದಿಲ್ಲ.

ಅಮೆರಿಕ ಆ ಪ್ರಸ್ತಾವವನ್ನು ಕೊನೆಗೂ ಇಡಲಿಲ್ಲ. ಮಿಲಿಟರಿ ಉದ್ದೇಶದ ಟ್ರಸ್ಟೀಶಿಪ್‌ಗೆ ಭದ್ರತಾ ಮಂಡಳಿಯ ಒಪ್ಪಿಗೆ ಬೇಕು, ಅಲ್ಲಿ ಸೋವಿಯತ್ ವಿಟೊ ಕಾದಿತ್ತು. ಸಾಮಾನ್ಯ ಟ್ರಸ್ಟೀಶಿಪ್ ಆದರೆ ಪ್ರತಿವರ್ಷ ವರದಿ ಒಪ್ಪಿಸಬೇಕು, ವಿಶ್ವಸಂಸ್ಥೆಯ ತಪಾಸಣಾ ತಂಡಗಳನ್ನು ಒಳಗೆ ಬಿಡಬೇಕು. 1956ರ ಡಿಸೆಂಬರ್‌ನಲ್ಲಿ ಜಪಾನ್ ವಿಶ್ವಸಂಸ್ಥೆಯ ಸದಸ್ಯನಾದ ಮೇಲಂತೂ ದಾರಿ ಇನ್ನೂ ಕಿರಿದಾಯಿತು, ಏಕೆಂದರೆ ಸದಸ್ಯ ರಾಷ್ಟ್ರವಾದ ಪ್ರದೇಶಕ್ಕೆ ಟ್ರಸ್ಟೀಶಿಪ್ ಅನ್ವಯಿಸುವುದಿಲ್ಲ ಎಂದು ಸನ್ನದಿನ 78ನೇ ವಿಧಿ ಹೇಳುತ್ತದೆ. ಹೀಗೆ ‘ಅಲ್ಲಿಯವರೆಗೆ’ ಎಂಬ ಒಂದು ಪದದ ಆಸರೆಯಲ್ಲಿ 20 ವರ್ಷ ಆಳ್ವಿಕೆ ನಡೆಯಿತು. ಒಪ್ಪಂದ ಹೆಣೆದ ಜಾನ್ ಫಾಸ್ಟರ್ ಡಲೆಸ್ ಸಮ್ಮೇಳನದಲ್ಲಿ ಜಪಾನಿಗೆ ‘ಶೇಷ ಸಾರ್ವಭೌಮತ್ವ’ ಉಳಿದಿದೆ ಎಂದು ವಿವರಿಸಿದರು. ಪಹಣಿಯಲ್ಲಿ ಹೆಸರು ಜಪಾನಿನದು, ಸ್ವಾಧೀನವೂ ಬಳಕೆಯೂ ಅಮೆರಿಕದ್ದು ಎಂದು ಅದರ ಅರ್ಥ. ಹೆಸರನ್ನು ಅಳಿಸದೆ ಉಳಿಸಿದ್ದಷ್ಟೇ ರಾಜತಾಂತ್ರಿಕರ ಆಗಿನ ಗೆಲುವು. ಮುಂದೆ ಎಲ್ಲವೂ ಆ ಗೆಲುವಿನ ಮೇಲೆಯೇ ನಿಂತಿತು.

ಭಾರತ ಈ ಸಮ್ಮೇಳನಕ್ಕೆ ಹೋಗಲಿಲ್ಲ. ಹೋಗದಿರಲು ಕೊಟ್ಟ ಕಾರಣಗಳಲ್ಲಿ ಈ ದ್ವೀಪಗಳೂ ಸೇರಿದ್ದವು. ಜಪಾನ್ ಯಾರಿಂದಲೂ ಕಸಿದುಕೊಳ್ಳದ, ಚರಿತ್ರೆಯಿಂದ ಅದರೊಂದಿಗೆ ಬೆಸೆದುಕೊಂಡ ರ್ಯುಕ್ಯು ಮತ್ತು ಬೊನಿನ್ ದ್ವೀಪಗಳು ಪೂರ್ತಿಯಾಗಿ ಅದಕ್ಕೇ ಮರಳಬೇಕು ಎಂದು ನೆಹರೂ ಸರ್ಕಾರ 1951ರ ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಬರೆಯಿತು. ವಾಷಿಂಗ್ಟನ್ನಿಗೆ ಅದು ಹಿಡಿಸಲಿಲ್ಲ. ಭಾರತ 1952ರ ಜೂನ್ 9ರಂದು ಜಪಾನಿನೊಂದಿಗೆ ಪ್ರತ್ಯೇಕ ಶಾಂತಿ ಒಪ್ಪಂದ ಮಾಡಿಕೊಂಡಿತು. 1972ರಲ್ಲಿ ಆದದ್ದನ್ನು ಆಗಲೇ ಕೇಳಿದ ಕೆಲವೇ ಸರ್ಕಾರಗಳಲ್ಲಿ ನಮ್ಮದೂ ಒಂದು.

ಉಪಯೋಗವಿಲ್ಲದ ದ್ವೀಪ ಮೊದಲು ಮರಳುತ್ತದೆ

ವಾಪಸಾತಿ ಒಂದೇ ಸಲಕ್ಕೆ ಆಗಲಿಲ್ಲ. 1952ರ ಫೆಬ್ರವರಿಯಲ್ಲಿ 29 ಮತ್ತು 30 ಡಿಗ್ರಿಗಳ ನಡುವಿನ ತೊಕಾರಾ ದ್ವೀಪಗಳು, 1953ರ ಡಿಸೆಂಬರ್ 25ರಂದು ಅಮಾಮಿ, 1968ರ ಜೂನ್ 26ರಂದು ಬೊನಿನ್ ದ್ವೀಪಗಳು, ಕೊನೆಗೆ 1972ರ ಮೇ 15ರಂದು ಒಕಿನಾವಾ. ಮಿಲಿಟರಿಗೆ ಯಾವುದು ಎಷ್ಟು ಕಡಿಮೆ ಬೇಕಿತ್ತೋ ಅದು ಅಷ್ಟು ಬೇಗ ಮರಳಿತು. ನ್ಯಾಯದ ತೂಕ ನೋಡಿದ್ದರೆ ಅತಿ ಹೆಚ್ಚು ನೊಂದ ಒಕಿನಾವಾ ಮೊದಲ ಸಾಲಿನಲ್ಲಿ ಇರಬೇಕಿತ್ತು.

ಅಮಾಮಿಯಲ್ಲಿ ಸುಮಾರು 2 ಲಕ್ಷ ಜನರಿದ್ದರು, ದೊಡ್ಡ ನೆಲೆಗಳಿರಲಿಲ್ಲ. ಕವಿ ಇಜುಮಿ ಹೊರೊ ಮುಂದಾಳತ್ವದಲ್ಲಿ 14 ವರ್ಷ ಮೇಲ್ಪಟ್ಟವರಲ್ಲಿ ಶೇ 99.8ರಷ್ಟು ಜನ ವಾಪಸಾತಿಯ ಮನವಿಗೆ ಸಹಿ ಹಾಕಿದರು, ಉಪವಾಸ ಕೂತರು. ಸೇನಾ ಮುಖ್ಯಸ್ಥರು ಆಗಲೂ ಬೇಡವೆಂದರು. ಒಂದನ್ನು ಕೊಟ್ಟರೆ ಉಳಿದವುಗಳಿಗೂ ಬೇಡಿಕೆ ಬರುತ್ತದೆ ಎಂಬುದು ಅವರ ವಾದ. ಆಗ ವಿದೇಶಾಂಗ ಸಚಿವರಾಗಿದ್ದ ಡಲೆಸ್ ಅದನ್ನು ತಿರುಗಿಸಿ ಹಿಡಿದರು: ನೆಲೆಯೇ ಇಲ್ಲದ ದ್ವೀಪವನ್ನು ಹಿಡಿದುಕೊಂಡು ಇಡೀ ಜಪಾನಿನ ಸಿಟ್ಟು ಕಟ್ಟಿಕೊಳ್ಳುವುದೇಕೆ? ಅಮಾಮಿಯನ್ನು ಕೊಟ್ಟ ಹೊತ್ತಿನಲ್ಲೇ, ದೂರಪ್ರಾಚ್ಯದಲ್ಲಿ ಬೆದರಿಕೆಯೂ ಉದ್ವಿಗ್ನತೆಯೂ ಇರುವವರೆಗೆ ಉಳಿದ ದ್ವೀಪಗಳನ್ನು ಬಿಡುವುದಿಲ್ಲ ಎಂದೂ ಅವರು ಸಾರಿದರು. ರಾಜತಾಂತ್ರಿಕರು ಒಂದನ್ನು ಬಿಡಿಸಿಕೊಂಡದ್ದಕ್ಕೆ ಸೇನೆಗೆ ಕೊಟ್ಟ ಬೆಲೆ ಅದು. ಒಕಿನಾವಾದಲ್ಲಿ ದುಡಿಯುತ್ತಿದ್ದ ಅಮಾಮಿ ಮೂಲದವರಿಗೆ ಈ ಹಸ್ತಾಂತರ ಬೇರೆ ರೀತಿಯಲ್ಲಿ ತಟ್ಟಿತು. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅವರು ಅಲ್ಲಿ ಹೊರಗಿನವರಾದರು, ಮತದಾನದ ಹಕ್ಕನ್ನೂ ಸರ್ಕಾರಿ ಹುದ್ದೆಗಳನ್ನೂ ಕಳೆದುಕೊಂಡರು.

ಬೊನಿನ್ ದ್ವೀಪಗಳ ಕಥೆ ಇನ್ನೂ ಕಠಿಣ. 1944ರಲ್ಲಿ ಜಪಾನ್ ಸೇನೆ ಅಲ್ಲಿನ ಸುಮಾರು 7,000 ಜನರನ್ನು ಮುಖ್ಯಭೂಮಿಗೆ ಸಾಗಿಸಿತ್ತು. ಯುದ್ಧ ಮುಗಿದ ಮೇಲೆ ಅಮೆರಿಕದ ನೌಕಾಪಡೆ ಊರಿಗೆ ಮರಳಲು ಬಿಟ್ಟದ್ದು 19ನೇ ಶತಮಾನದಲ್ಲಿ ಅಲ್ಲಿ ನೆಲೆಸಿದ್ದ ಪಾಶ್ಚಾತ್ಯ ಮೂಲದ ಕುಟುಂಬಗಳ ನೂರಮೂವತ್ತರಷ್ಟು ಜನರನ್ನು ಮಾತ್ರ. ಉಳಿದವರು 20 ವರ್ಷಕ್ಕೂ ಹೆಚ್ಚು ಕಾಲ ಹೊರಗೇ ಉಳಿದರು. ಟೋಕಿಯೊದ ರಾಯಭಾರ ಕಚೇರಿ ಪದೇಪದೇ ಕೇಳಿದರೂ ನೌಕಾಪಡೆ ಜಗ್ಗಲಿಲ್ಲ. ಚಿಚಿಜಿಮಾ ಮತ್ತು ಇವೊ ಜಿಮಾಗಳಲ್ಲಿ 1950ರ ದಶಕದಲ್ಲಿ ಅಣ್ವಸ್ತ್ರ ಇಟ್ಟಿದ್ದ ವಿಷಯ ಬಹುಕಾಲದ ನಂತರ ಹೊರಬಂದಾಗ ಆ ಬಿಗಿತದ ಕಾರಣ ಗೊತ್ತಾಯಿತು. ನಿರಾಶ್ರಿತರಿಗೆ 1961ರಲ್ಲಿ ಕೊಟ್ಟದ್ದು ಒಟ್ಟು 60 ಲಕ್ಷ ಡಾಲರ್ ಪರಿಹಾರ. ಇವೊ ಜಿಮಾದ ಊರವರು 1968ರ ನಂತರವೂ ಮನೆ ಕಟ್ಟಲಾಗಲಿಲ್ಲ. ಜಪಾನಿನ ಸ್ವರಕ್ಷಣಾ ಪಡೆ ಅಲ್ಲಿ ನೆಲೆ ಹಾಕಿತು. ಇಂದಿಗೂ ಅಲ್ಲಿ ನಾಗರಿಕ ವಸತಿ ಇಲ್ಲ.

ಒಕಿನಾವಾ: ರಾಯಭಾರಿ ಮತ್ತು ಹೈಕಮಿಷನರ್

ಒಕಿನಾವಾದಲ್ಲಿ ಅಧಿಕಾರದ ಸರಪಳಿ ಹೇಗಿತ್ತೆಂದು ತಿಳಿದರೆ ಜಗಳ ಏಕೆ ಅಷ್ಟು ಕಾಲ ಬಗೆಹರಿಯಲಿಲ್ಲ ಎಂಬುದೂ ತಿಳಿಯುತ್ತದೆ. 1957ರಿಂದ ಅಲ್ಲಿನ ಮುಖ್ಯಸ್ಥ ಹೈಕಮಿಷನರ್. ಆ ಹುದ್ದೆಗೆ ಬರುತ್ತಿದ್ದವರು ಭೂಸೇನೆಯ ಲೆಫ್ಟಿನೆಂಟ್ ಜನರಲ್‌ಗಳು, ಅವರು ಉತ್ತರ ಹೇಳಬೇಕಾದದ್ದು ರಕ್ಷಣಾ ಇಲಾಖೆಗೆ. ಟೋಕಿಯೊದ ರಾಯಭಾರಿಗೆ ಅಲ್ಲಿ ಯಾವ ಅಧಿಕಾರವೂ ಇರಲಿಲ್ಲ. ಆದರೆ ಒಕಿನಾವಾದಲ್ಲಿ ಏನೇ ಅನಾಹುತವಾದರೂ ಟೋಕಿಯೊದಲ್ಲಿ ಬೈಸಿಕೊಳ್ಳಬೇಕಾದವರು ಅವರೇ.

1958ರಿಂದ ದ್ವೀಪದಲ್ಲಿ ಡಾಲರ್ ಚಲಾವಣೆ. ಮುಖ್ಯಭೂಮಿಗೆ ಹೋಗಲು ಪ್ರಯಾಣಪತ್ರ ಬೇಕು. ಹೊಲಗಳನ್ನು ಬಂದೂಕು ತೋರಿಸಿ ಬುಲ್ಡೋಜರ್ ಹರಿಸಿ ಕಸಿದುಕೊಂಡ ಊರುಗಳಿದ್ದವು. 1956ರಲ್ಲಿ ಅಮೆರಿಕ ಸಂಸತ್ತಿನ ಸಮಿತಿಯೊಂದು ಬಾಡಿಗೆಯನ್ನು ಒಂದೇ ಗಂಟಿನಲ್ಲಿ ಕೊಟ್ಟು ಮುಗಿಸಬೇಕೆಂದಾಗ ಇಡೀ ದ್ವೀಪ ಎದ್ದು ನಿಂತಿತು, ಸೇನೆ ಆ ಯೋಜನೆಯನ್ನು ಕೈಬಿಡಬೇಕಾಯಿತು. ಅದೇ ಡಿಸೆಂಬರ್‌ನಲ್ಲಿ ನಹಾದ ಜನ ಮೇಯರ್ ಆಗಿ ಆರಿಸಿದ ಸೆನಾಗಾ ಕಮೆಜಿರೊ ಅವರನ್ನು ಆಡಳಿತ ಮರುವರ್ಷ ನಿಯಮ ತಿದ್ದಿ ಕೆಳಗಿಳಿಸಿತು. 1959ರ ಜೂನ್ 30ರಂದು ಮಿಯಾಮೊರಿ ಪ್ರಾಥಮಿಕ ಶಾಲೆಯ ಮೇಲೆ ಯುದ್ಧವಿಮಾನ ಬಿದ್ದು ಮಕ್ಕಳೂ ಅಕ್ಕಪಕ್ಕದವರೂ ಸೇರಿ 17 ಜನ ಸತ್ತರು.

1962ರ ಮಾರ್ಚ್‌ನಲ್ಲಿ ಅಧ್ಯಕ್ಷ ಕೆನಡಿ ರ್ಯುಕ್ಯು ದ್ವೀಪಗಳು ಜಪಾನಿನ ತಾಯ್ನೆಲದ ಭಾಗ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಆದರೆ ಸ್ಥಳದಲ್ಲಿದ್ದ ಹೈಕಮಿಷನರ್ ಪಾಲ್ ಕ್ಯಾರವೇ ಮರುವರ್ಷವೇ ಸ್ವಾಯತ್ತತೆ ಎಂಬುದು ಮಿಥ್ಯೆ ಎಂದು ಭಾಷಣ ಮಾಡಿದರು. ಜಪಾನಿನ ನೆರವಿನ ಹಣ ಹೆಚ್ಚಾಗಿ ಬಂದರೆ ಟೋಕಿಯೊ ಕೈಯೂ ಹಿಂದೆಯೇ ಒಳಗೆ ಬರುತ್ತದೆ ಎಂದು ಅದಕ್ಕೂ ಅಡ್ಡಗಟ್ಟಿದರು. ಅಮೆರಿಕದ ಸಂಸತ್ತು ವರ್ಷಕ್ಕೆ ಕೊಡುತ್ತಿದ್ದ ನೆರವಿಗೆ 1960ರಲ್ಲಿ ಹಾಕಿದ್ದ ಮಿತಿ 60 ಲಕ್ಷ ಡಾಲರ್. ಎರಡು ವರ್ಷದ ನಂತರ 1.2 ಕೋಟಿ. ತಾನೂ ಸಾಕಷ್ಟು ಕೊಡದೆ ಇನ್ನೊಬ್ಬರಿಗೂ ಕೊಡಗೊಡದ ಈ ಧೋರಣೆ ರಾಯಭಾರಿ ಎಡ್ವಿನ್ ರೈಷೌರ್ ಅವರನ್ನು ಕೆರಳಿಸಿತು. ಜಪಾನಿನಲ್ಲೇ ಹುಟ್ಟಿ ಬೆಳೆದ ವಿದ್ವಾಂಸರು ಅವರು. ಒಕಿನಾವಾವನ್ನು ಹೀಗೇ ಹಿಡಿದುಕೊಂಡರೆ ಜಪಾನಿನ ನೆಲೆಗಳೂ ಕೈತಪ್ಪುತ್ತವೆ ಎಂದು ಅವರು 1965ರಲ್ಲಿ ಎಚ್ಚರಿಸಿದರು. ಸೇನೆಯ ಕಿವಿಗೆ ಬಿದ್ದ ಮೊದಲ ಗಟ್ಟಿ ವಾದ ಇದು, ಏಕೆಂದರೆ ಇದರಲ್ಲಿ ನ್ಯಾಯದ ಪ್ರಶ್ನೆ ಇರಲಿಲ್ಲ. ನೆಲೆ ಉಳಿಯಬೇಕಾದರೆ ದ್ವೀಪ ಬಿಡಬೇಕು ಎಂಬ ಲೆಕ್ಕ ಮಾತ್ರ ಇತ್ತು.

ಸೇನೆಗೆ ನಿಜವಾಗಿ ಏನು ಬೇಕಿತ್ತು?

ಅಮೆರಿಕ ಮತ್ತು ಜಪಾನ್ ನಡುವಿನ 1960ರ ಭದ್ರತಾ ಒಪ್ಪಂದದ ಜೊತೆ ವಿನಿಮಯವಾದ ಪತ್ರಗಳಲ್ಲಿ ‘ಪೂರ್ವ ಸಮಾಲೋಚನೆ’ ಎಂಬ ಷರತ್ತಿದೆ. ಜಪಾನಿನೊಳಗೆ ದೊಡ್ಡ ಪಡೆಗಳನ್ನು ತರುವಾಗ, ಅಣ್ವಸ್ತ್ರ ತರುವಾಗ, ಅಲ್ಲಿಂದ ನೇರವಾಗಿ ಬೇರೆ ಕಡೆ ಯುದ್ಧಕ್ಕೆ ಹೊರಡುವಾಗ ಟೋಕಿಯೊವನ್ನು ಮೊದಲು ಕೇಳಬೇಕು. ಒಕಿನಾವಾ ಜಪಾನಿನ ಆಡಳಿತದಲ್ಲಿ ಇರಲಿಲ್ಲವಾದ್ದರಿಂದ ಅಲ್ಲಿಗೆ ಇದು ಅನ್ವಯವಾಗುತ್ತಿರಲಿಲ್ಲ. 1960ರ ದಶಕದಲ್ಲಿ ಅಲ್ಲಿ ಸಾವಿರಕ್ಕೂ ಹೆಚ್ಚು ಅಣ್ವಸ್ತ್ರಗಳಿದ್ದವು. ಕಡೇನಾ ನೆಲೆಯಿಂದ ಬಿ-52 ಬಾಂಬರ್‌ಗಳು ವಿಯೆಟ್ನಾಂಗೆ ಹಾರುತ್ತಿದ್ದವು. ಯಾರನ್ನೂ ಕೇಳಬೇಕಿರಲಿಲ್ಲ. ದ್ವೀಪ ಮರಳಿದ ಕ್ಷಣವೇ ಇವೆಲ್ಲಕ್ಕೂ ಟೋಕಿಯೊದ ಅಪ್ಪಣೆ ಬೇಕಾಗುತ್ತದೆ. ಸೇನಾ ಮುಖ್ಯಸ್ಥರ ವಿರೋಧದ ತಿರುಳು ಇದೇ. ಅವರಿಗೆ ಬಾವುಟದ ಚಿಂತೆ ಕಡಿಮೆ, ಕೇಳದೆ ಬಳಸುವ ಹಕ್ಕಿನ ಚಿಂತೆ ಹೆಚ್ಚು. ಇದನ್ನು ಬೇಗ ಗುರುತಿಸಿದವರು ವಿದೇಶಾಂಗ ಇಲಾಖೆಯ ರಿಚರ್ಡ್ ಸ್ನೈಡರ್ ಮತ್ತು ಪೆಂಟಗನ್ನಿನ ನಾಗರಿಕ ಅಧಿಕಾರಿ ಮಾರ್ಟನ್ ಹಾಲ್ಪೆರಿನ್ ತರದವರು. ‘ಕೊಡಬೇಕೆ, ಬೇಡವೆ’ ಎಂಬ ಪ್ರಶ್ನೆಯನ್ನು ಬದಿಗಿಟ್ಟು ‘ಕೊಟ್ಟ ಮೇಲೆ ಯಾವ ಬಳಕೆ ಎಷ್ಟು ಉಳಿಯಬೇಕು’ ಎಂದು ಅವರು ಬಿಡಿಬಿಡಿಯಾಗಿ ಲೆಕ್ಕ ಹಾಕಿದರು.

ಕಾಲವೂ ಒತ್ತುತ್ತಿತ್ತು. ಭದ್ರತಾ ಒಪ್ಪಂದದ ಹತ್ತು ವರ್ಷ 1970ರ ಜೂನ್‌ಗೆ ಮುಗಿಯುತ್ತಿತ್ತು, ಆಮೇಲೆ ಒಂದು ವರ್ಷದ ನೋಟಿಸ್ ಕೊಟ್ಟು ಯಾರು ಬೇಕಾದರೂ ಹೊರನಡೆಯಬಹುದಿತ್ತು. ಒಕಿನಾವಾ ಮರಳುವವರೆಗೆ ಜಪಾನಿಗೆ ಯುದ್ಧ ಮುಗಿದಂತಾಗದು ಎಂದು 1965ರಲ್ಲಿ ನಹಾದಲ್ಲೇ ಹೇಳಿದ್ದ ಪ್ರಧಾನಿ ಸತೊ ಐಸಾಕು ತಮ್ಮ ರಾಜಕೀಯ ಭವಿಷ್ಯವನ್ನು ಅದಕ್ಕೆ ಕಟ್ಟಿಕೊಂಡಿದ್ದರು. 1968ರ ನವೆಂಬರ್ 10ರಂದು ಒಕಿನಾವಾದ ಮುಖ್ಯಾಡಳಿತಗಾರನ ಮೊದಲ ನೇರ ಚುನಾವಣೆಯಲ್ಲಿ, ಷರತ್ತಿಲ್ಲದೆ ತಕ್ಷಣ ವಾಪಸು ಕೊಡಿ ಎಂದು ಕೇಳಿದ ಶಿಕ್ಷಕ ನಾಯಕ ಯಾರಾ ಚೊಬ್ಯೊ ಗೆದ್ದರು. ಒಂಬತ್ತು ದಿನಕ್ಕೆ ಬಿ-52 ಒಂದು ಕಡೇನಾದಲ್ಲಿ ಉರುಳಿ ಸ್ಫೋಟಿಸಿತು. ಮರುವರ್ಷ ಜುಲೈನಲ್ಲಿ ನರಗಳ ಮೇಲೆ ಕೆಲಸ ಮಾಡುವ ವಿಷಾನಿಲ ಸೋರಿ 24 ಜನ ಅಸ್ವಸ್ಥರಾದಾಗ, ದ್ವೀಪದಲ್ಲಿ ರಾಸಾಯನಿಕ ಅಸ್ತ್ರಗಳಿವೆ ಎಂಬುದೇ ಜನರಿಗೆ ಮೊದಲ ಸಲ ಗೊತ್ತಾಯಿತು. ಜನ ತಿರುಗಿಬಿದ್ದ ದ್ವೀಪದಲ್ಲಿ ನೆಲೆ ನಡೆಸುವುದು ಕಷ್ಟ ಎಂದು ಸೇನೆಗೂ ಅರಿವಾಗತೊಡಗಿತು.

1969ರ ಮೇ 28ರಂದು ನಿಕ್ಸನ್ ಆಡಳಿತ ತೀರ್ಮಾನ ಬರೆಯಿತು: 1972ರಲ್ಲಿ ವಾಪಸು, ಕೊರಿಯಾ, ತೈವಾನ್, ವಿಯೆಟ್ನಾಂ ವಿಷಯದಲ್ಲಿ ಸಾಮಾನ್ಯ ಶಸ್ತ್ರಗಳ ಬಳಕೆಗೆ ಆದಷ್ಟು ಸ್ವಾತಂತ್ರ್ಯ, ಉಳಿದೆಲ್ಲ ಕುದುರಿದರೆ ಕೊನೆಯ ಹಂತದಲ್ಲಿ ಅಣ್ವಸ್ತ್ರ ತೆಗೆಯಲು ಒಪ್ಪಬಹುದು, ಆದರೆ ತುರ್ತಿನಲ್ಲಿ ಮತ್ತೆ ತರುವ ಹಕ್ಕು ಬೇಕು. ಜೂನ್ 3ರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಇದರ ಸಾರಾಂಶ ಸೋರಿತು. ಕೊನೆಗೆ ಬಿಚ್ಚಬೇಕಿದ್ದ ಎಲೆಯನ್ನು ಆಟ ಶುರುವಾಗುವ ಮುನ್ನವೇ ಎದುರಾಳಿ ನೋಡಿದಂತಾಯಿತು.

ನವೆಂಬರ್ 21ರ ಸತೊ–ನಿಕ್ಸನ್ ಜಂಟಿ ಹೇಳಿಕೆಯಲ್ಲಿ ಎರಡು ಪದರಗಳಿದ್ದವು. ಕೊರಿಯಾದ ಭದ್ರತೆ ಜಪಾನಿನ ಭದ್ರತೆಗೆ ಅತ್ಯಗತ್ಯ, ತೈವಾನಿನದು ಬಹಳ ಮುಖ್ಯ ಎಂದು ಸತೊ ಅದರಲ್ಲಿ ಒಪ್ಪಿಕೊಂಡರು. ಪೂರ್ವ ಸಮಾಲೋಚನೆ ನಡೆದಾಗ ಉತ್ತರ ‘ಆಗಲಿ’ ಎಂದೇ ಬರುತ್ತದೆಂದು ಸೇನೆಗೆ ಕೊಟ್ಟ ಭರವಸೆ ಅದು. ಎರಡನೆಯದನ್ನು ಬರೆದು ಬಚ್ಚಿಟ್ಟರು. ಭಾರಿ ತುರ್ತುಸ್ಥಿತಿಯಲ್ಲಿ ಅಣ್ವಸ್ತ್ರವನ್ನು ಮತ್ತೆ ಒಕಿನಾವಾಕ್ಕೆ ತರಲು ಜಪಾನ್ ತಡವಿಲ್ಲದೆ ಒಪ್ಪುತ್ತದೆ ಎಂಬ ರಹಸ್ಯ ಟಿಪ್ಪಣಿಗೆ ಇಬ್ಬರೂ ಸಹಿ ಮಾಡಿದರು. ಕಡೇನಾ, ನಹಾ, ಹೆನೊಕೊ ಶೇಖರಣಾ ತಾಣಗಳ ಹೆಸರು ಅದರಲ್ಲಿದ್ದವು. ಮಧ್ಯವರ್ತಿಯಾಗಿದ್ದ ವಾಕಾಇಜುಮಿ ಕೆಇ 1994ರಲ್ಲಿ ಇದನ್ನು ಬಹಿರಂಗಪಡಿಸಿದರು; ಸಹಿ ಮಾಡಿದ ಕಾಗದ ಸತೊ ಕುಟುಂಬದ ಬಳಿ ಇದ್ದದ್ದು 2009ರಲ್ಲಿ ಹೊರಬಂತು. ಅಣ್ವಸ್ತ್ರ ಹೊಂದುವುದಿಲ್ಲ, ತಯಾರಿಸುವುದಿಲ್ಲ, ಒಳಗೆ ಬಿಡುವುದಿಲ್ಲ ಎಂಬ ಮೂರು ತತ್ವಗಳಿಗಾಗಿ ಹೆಸರಾಗಿ ಸತೊ 1974ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದಿದ್ದರು. ಈ ಟಿಪ್ಪಣಿ ಆ ಮೂರನೇ ತತ್ವಕ್ಕೆ ನೇರ ವಿರುದ್ಧ.

1971ರ ಜೂನ್ 17ರಂದು ವಾಪಸಾತಿ ಒಪ್ಪಂದಕ್ಕೆ ಸಹಿ ಬಿತ್ತು. ಐದು ವರ್ಷದಲ್ಲಿ ಜಪಾನ್ ಕೊಡಬೇಕಾದ ಹಣ 32 ಕೋಟಿ ಡಾಲರ್. ಅದರಲ್ಲಿ 17.5 ಕೋಟಿ ಅಮೆರಿಕ ಬಿಟ್ಟುಹೋಗುವ ಆಸ್ತಿಗಳಿಗೆ, 7.5 ಕೋಟಿ ನೆಲೆಯ ನೌಕರರ ಬಾಬ್ತಿಗೆ, 7 ಕೋಟಿ ಅಣ್ವಸ್ತ್ರ ತೆಗೆಯುವುದೂ ಸೇರಿದ ಇತರ ಖರ್ಚಿಗೆ. ಸೇನೆ ಹಾಳುಮಾಡಿದ ಜಮೀನನ್ನು ಸರಿಪಡಿಸಲು ಅಮೆರಿಕವೇ ಕೊಡಬೇಕಾಗಿದ್ದ 40 ಲಕ್ಷ ಡಾಲರನ್ನೂ ಜಪಾನ್ ಒಳಗಿಂದೊಳಗೆ ಭರಿಸಿತು. ಇದರ ಸುಳಿವು ಹಿಡಿದ ಪತ್ರಕರ್ತ ನಿಶಿಯಾಮಾ ತಕಿಚಿ 1972ರಲ್ಲಿ ಬಂಧನಕ್ಕೊಳಗಾದರು. ಆಗಿನ ವಿದೇಶಾಂಗ ಅಧಿಕಾರಿ ಯೊಶಿನೊ ಬುನ್ರೊಕು ಅದು ನಿಜವೆಂದು ಒಪ್ಪಿಕೊಂಡದ್ದು 2006ರಲ್ಲಿ. 34 ವರ್ಷ ಆ ಸುಳ್ಳನ್ನು ಸರ್ಕಾರ ಎತ್ತಿ ಹಿಡಿದಿತ್ತು.

1972ರ ಮೇ 15ರ ನಂತರ

ಹೆಸರು ಮತ್ತು ಆಡಳಿತ ಜಪಾನಿಗೆ ಬಂತು. ಬಳಕೆ ಇದ್ದಲ್ಲೇ ಉಳಿಯಿತು. ಜನರ ಕೈಯಲ್ಲಿದ್ದ ಡಾಲರ್‌ಗೆ ಅಂದು ಸಿಕ್ಕಿದ್ದು 305 ಯೆನ್. ಹಿಂದಿನ ವರ್ಷದವರೆಗೂ ಅದು 360 ಇತ್ತು. 1971ರ ಅಕ್ಟೋಬರ್‌ನಲ್ಲಿ ಎಣಿಸಿ ದಾಖಲಿಸಿಕೊಂಡ ಹಣಕ್ಕೆ ಮಾತ್ರ ಆ ವ್ಯತ್ಯಾಸ ತುಂಬಿಕೊಟ್ಟರು. ವಾಹನಗಳು ರಸ್ತೆಯ ಬಲಬದಿಯಿಂದ ಎಡಬದಿಗೆ ಬಂದದ್ದು 1978ರ ಜುಲೈ 30ಕ್ಕೆ. ಜಮೀನಿನ ಪ್ರಶ್ನೆ ಬಗೆಹರಿಯಲೇ ಇಲ್ಲ. ಮುಖ್ಯಭೂಮಿಯ ನೆಲೆಗಳು ಬಹುಪಾಲು ಸರ್ಕಾರಿ ಜಮೀನಿನಲ್ಲಿವೆ. ಒಕಿನಾವಾದಲ್ಲಿ ದೊಡ್ಡ ಪಾಲು ಖಾಸಗಿಯವರದು, ಊರುಗಳದು. ಬಾಡಿಗೆ ಕರಾರಿಗೆ ಸಹಿ ಹಾಕದ ಮಾಲೀಕರ ನೆಲವನ್ನು ಐದು ವರ್ಷ ಬಲವಂತವಾಗಿ ಇಟ್ಟುಕೊಳ್ಳಲು ಜಪಾನ್ ಸಂಸತ್ತೇ 1971ರ ಡಿಸೆಂಬರ್‌ನಲ್ಲಿ ಕಾನೂನು ಮಾಡಿಕೊಟ್ಟಿತು. ಮೊದಲು ಅಮೆರಿಕದ ಸೇನೆ ಮಾಡುತ್ತಿದ್ದ ಕೆಲಸವನ್ನು ಈಗ ಸ್ವಂತ ಸರ್ಕಾರ ವಹಿಸಿಕೊಂಡಿತು. ಜಪಾನಿನ ಭೂಭಾಗದ ಶೇ 0.6ರಷ್ಟೇ ಇರುವ ಈ ಪ್ರಾಂತ್ಯದಲ್ಲಿ ಅಮೆರಿಕ ಪಡೆಗೆಂದೇ ಮೀಸಲಾದ ನೆಲೆಗಳ ಸುಮಾರು ಶೇ 70ರಷ್ಟು ಜಾಗ ಇದೆ.

ತೈವಾನ್ ಹತ್ತಿರದ ಸೆಂಕಾಕು ಎಂಬ ಪುಟ್ಟ ದ್ವೀಪಗಳ ತಕರಾರಿಗೂ ಈ ಪದರಗಳನ್ನು ಬಿಡಿಸಿದ್ದೇ ಒಂದು ಕಾರಣ. 1971ರ ಒಪ್ಪಂದದ ನಕ್ಷೆಯೊಳಗೆ ಅವೂ ಬಂದವು. ಆದರೆ ತಾವು ಹಿಂತಿರುಗಿಸಿದ್ದು ಆಡಳಿತವನ್ನು ಮಾತ್ರ, ಸಾರ್ವಭೌಮತ್ವ ಯಾರದೆಂದು ಹೇಳುವುದಿಲ್ಲ ಎಂದಿತು ವಾಷಿಂಗ್ಟನ್. ಒಕಿನಾವಾಕ್ಕೆ ಒಪ್ಪಿಕೊಂಡ ಶೇಷ ಸಾರ್ವಭೌಮತ್ವದ ಮಾತು ಇಲ್ಲಿಗೆ ಬರುವಾಗ ಮಾಯವಾಗಿತ್ತು. ಚೀನಾ ಮತ್ತು ತೈವಾನ್ ಎರಡೂ ಅಲ್ಲಿ ಹಕ್ಕು ಹೇಳುತ್ತಿವೆ, ಚೀನಾದ ಕರಾವಳಿ ಪಡೆಯ ಹಡಗುಗಳು ಈಗ ಅಲ್ಲಿ ಮಾಮೂಲಾಗಿವೆ.

ಉತ್ತರದ ನಾಲ್ಕು ದ್ವೀಪಗಳು

ಜಪಾನಿನ ಇನ್ನೊಂದು ತುದಿಯಲ್ಲೂ ಇದೇ ಲೆಕ್ಕ ನಡೆದಿದೆ. 1945ರ ಆಗಸ್ಟ್ 28ರಿಂದ ಸೆಪ್ಟೆಂಬರ್ 5ರೊಳಗೆ ಸೋವಿಯತ್ ಪಡೆ ಎತೊರೊಫು, ಕುನಾಶಿರಿ, ಶಿಕೋತಾನ್, ಹಬೋಮಾಯ್ ದ್ವೀಪಗಳನ್ನು ಹಿಡಿಯಿತು. ಅಲ್ಲಿದ್ದ ಸುಮಾರು 17,000 ಜಪಾನಿಯರು ಊರು ಬಿಡಬೇಕಾಯಿತು. 1956ರ ಅಕ್ಟೋಬರ್‌ನ ಜಂಟಿ ಘೋಷಣೆಯಲ್ಲಿ, ಶಾಂತಿ ಒಪ್ಪಂದವಾದ ಮೇಲೆ ಹಬೋಮಾಯ್ ಮತ್ತು ಶಿಕೋತಾನ್ ಕೊಡುವುದಾಗಿ ಮಾಸ್ಕೊ ಒಪ್ಪಿತು. ನಾಲ್ಕರ ಒಟ್ಟು ವಿಸ್ತೀರ್ಣದಲ್ಲಿ ಇವೆರಡರ ಪಾಲು ಶೇ 7. ಅದಕ್ಕೂ ಎರಡು ತಿಂಗಳ ಹಿಂದೆ ಡಲೆಸ್ ಜಪಾನಿನ ವಿದೇಶಾಂಗ ಸಚಿವ ಶಿಗೆಮಿತ್ಸು ಅವರಿಗೆ, ಉಳಿದೆರಡನ್ನು ಸೋವಿಯತ್‌ಗೆ ಬಿಟ್ಟುಕೊಟ್ಟರೆ ಅಮೆರಿಕವೂ ಒಕಿನಾವಾವನ್ನು ಖಾಯಂ ಇಟ್ಟುಕೊಳ್ಳಬಹುದು ಎಂದು ಎಚ್ಚರಿಸಿದ್ದರು. 1960ರಲ್ಲಿ ಮಾಸ್ಕೊ ಹೊಸ ಷರತ್ತು ಸೇರಿಸಿತು: ಜಪಾನಿನಿಂದ ವಿದೇಶಿ ಪಡೆಗಳೆಲ್ಲ ಹೊರಡಬೇಕು.

ರಷ್ಯಾದ ಸೇನೆಗೆ ಈ ದ್ವೀಪಗಳು ಏಕೆ ಬೇಕೆಂಬುದು ಸಮುದ್ರದ ಆಳದಲ್ಲಿದೆ. ಒಖೋಟ್ಸ್ಕ್ ಸಮುದ್ರ ಅದರ ಅಣ್ವಸ್ತ್ರ ಹೊತ್ತ ಸಬ್‌ಮರೀನ್‌ಗಳ ಅಡಗುತಾಣ. ಎತೊರೊಫು ಮತ್ತು ಕುನಾಶಿರಿಯ ಅಕ್ಕಪಕ್ಕದ ಜಲಸಂಧಿಗಳು ಆಳವಾದವು, ಚಳಿಗಾಲದಲ್ಲೂ ಹೆಪ್ಪುಗಟ್ಟದವು. 2016ರಲ್ಲಿ ಎತೊರೊಫುವಿಗೆ ಬಾಸ್ಟಿಯನ್, ಕುನಾಶಿರಿಗೆ ಬಾಲ್ ಹಡಗುನಾಶಕ ಕ್ಷಿಪಣಿಗಳು ಬಂದವು. 2018ರ ನವೆಂಬರ್‌ನಲ್ಲಿ ಶಿಂಜೊ ಅಬೆ ಮತ್ತು ಪುಟಿನ್ 1956ರ ಘೋಷಣೆಯ ಆಧಾರದಲ್ಲಿ ಮಾತು ಮುಂದುವರಿಸಲು ಒಪ್ಪಿದಾಗ ಅಡ್ಡ ಬಂದ ಪ್ರಶ್ನೆ, ಕೊಟ್ಟ ದ್ವೀಪದಲ್ಲಿ ಅಮೆರಿಕದ ನೆಲೆ ಬರುವುದಿಲ್ಲವೆಂದು ಯಾರು ಖಾತರಿ ಕೊಡುತ್ತಾರೆ ಎಂಬುದು. ಡಿಸೆಂಬರ್‌ನ ಪತ್ರಿಕಾಗೋಷ್ಠಿಯಲ್ಲಿ ಪುಟಿನ್ ಒಕಿನಾವಾವನ್ನೇ ಉದಾಹರಣೆಯಾಗಿ ತೋರಿಸಿದರು: ಅಲ್ಲಿನ ಗವರ್ನರ್ ವಿರೋಧಿಸುತ್ತಾರೆ, ಜನ ವಿರೋಧಿಸುತ್ತಾರೆ, ಆದರೂ ನೆಲೆ ಬೆಳೆಸುವ ಕೆಲಸ ನಿಲ್ಲುವುದಿಲ್ಲ. ಪುಟಿನ್ ಉದ್ದೇಶ ಏನೇ ಇರಲಿ, ದಕ್ಷಿಣದ ಅರೆಬರೆ ವಾಪಸಾತಿ ಉತ್ತರದ ವಾಪಸಾತಿಗೆ ತಡೆಯಾಗಿ ನಿಂತಿತು ಎಂಬುದಂತೂ ನಿಜ. 2020ರ ತಿದ್ದುಪಡಿಯಿಂದ ನೆಲ ಬಿಟ್ಟುಕೊಡುವುದನ್ನು ರಷ್ಯಾದ ಸಂವಿಧಾನವೇ ನಿಷೇಧಿಸಿತು. 2022ರ ಮಾರ್ಚ್‌ನಲ್ಲಿ ಮಾಸ್ಕೊ ಮಾತುಕತೆಯನ್ನೇ ನಿಲ್ಲಿಸಿತು.

ಮತ್ತೆ ಫುತೆನ್ಮಾಕ್ಕೆ

1996ರ ಘೋಷಣೆಗೆ ಕಾರಣವಾದದ್ದು ಹಿಂದಿನ ಸೆಪ್ಟೆಂಬರ್‌ನಲ್ಲಿ ಮೂವರು ಅಮೆರಿಕನ್ ಸೈನಿಕರು ಶಾಲಾ ಬಾಲಕಿಯೊಬ್ಬಳ ಮೇಲೆ ನಡೆಸಿದ ಅತ್ಯಾಚಾರ ಮತ್ತು ಅದರ ವಿರುದ್ಧ ಎದ್ದ ಜನಾಕ್ರೋಶ. ಆದರೆ ನೆಲೆಗೆ ಒಕಿನಾವಾದೊಳಗೇ ಬದಲಿ ಜಾಗ ಬೇಕೆಂಬ ಷರತ್ತು ಅಂಟಿಕೊಂಡಿತು. ಆರಿಸಿದ್ದು ಹೆನೊಕೊ ಕರಾವಳಿ. 2019ರ ಫೆಬ್ರವರಿ 24ರ ಜನಮತದಲ್ಲಿ ಶೇ 52ರಷ್ಟು ಮತದಾರರು ಬಂದರು, ಅವರಲ್ಲಿ ಸುಮಾರು ಶೇ 72ರಷ್ಟು ಜನ ಸಮುದ್ರ ತುಂಬುವುದು ಬೇಡವೆಂದರು. ಅಲ್ಲಿನ ಔರಾ ಕೊಲ್ಲಿಯ ತಳ ಮೆದು ಕೆಸರು. ಕೆಲವೆಡೆ ಅದು ಸಮುದ್ರಮಟ್ಟದಿಂದ 90 ಮೀಟರ್ ಆಳದವರೆಗೂ ಇದೆ. ಗಟ್ಟಿ ಮಾಡಲು ಸುಮಾರು 71,000 ಕಂಬಗಳನ್ನು ಇಳಿಸಬೇಕೆಂದು ಸರ್ಕಾರವೇ ಲೆಕ್ಕ ಹಾಕಿತು. 2019ರ ಕೊನೆಯ ಅಂದಾಜಿನಂತೆ ಖರ್ಚು 93,000 ಕೋಟಿ ಯೆನ್, ಬೇಕಾದ ಕಾಲ 12 ವರ್ಷ. ವಿನ್ಯಾಸ ಬದಲಾವಣೆಗೆ ಗವರ್ನರ್ ಡೆನಿ ತಮಾಕಿ ಒಪ್ಪಿಗೆ ಕೊಡಲಿಲ್ಲ. ನ್ಯಾಯಾಲಯದ ತೀರ್ಪು ಪಡೆದು 2023ರ ಡಿಸೆಂಬರ್ 28ರಂದು ಕೇಂದ್ರ ಸಚಿವರೇ ಅವರ ಪರವಾಗಿ ಅನುಮೋದನೆಗೆ ಸಹಿ ಹಾಕಿದರು. 2024ರ ಜನವರಿ 10ರಂದು ಕೊಲ್ಲಿಯಲ್ಲಿ ಕೆಲಸ ಶುರುವಾಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ದ್ವೀಪ ಗುವಾಮ್‌ಗೆ ಹೊರಡಬೇಕಾದ ಸುಮಾರು 4,000 ಮರೀನ್‌ಗಳಲ್ಲಿ ಮೊದಲ ನೂರು ಜನ ಹೊರಟರು.

ಹೆನೊಕೊ ಮುಗಿದರೆ ಫುತೆನ್ಮಾ ಮರಳುತ್ತದೆ ಎಂದು ಹಲವರು ನಂಬಿದ್ದಾರೆ. 2013ರ ಜಂಟಿ ಯೋಜನೆ ಹಾಗೆ ಹೇಳುವುದಿಲ್ಲ. ವಾಪಸಾತಿಗೆ ಅದರಲ್ಲಿ ಎಂಟು ಷರತ್ತುಗಳಿವೆ. ಅವುಗಳಲ್ಲಿ ಒಂದರ ಪ್ರಕಾರ, ಬದಲಿ ನೆಲೆಯಲ್ಲಿ ಸಿಗದ ಉದ್ದದ ರನ್‌ವೇ ತುರ್ತಿನಲ್ಲಿ ನಾಗರಿಕ ವಿಮಾನ ನಿಲ್ದಾಣಗಳಿಂದ ಸಿಗಬೇಕು. ಫುತೆನ್ಮಾದ ರನ್‌ವೇ ಸುಮಾರು 2,700 ಮೀಟರ್, ಹೆನೊಕೊದಲ್ಲಿ ಬರುವುದು 1,800 ಮೀಟರ್. 2017ರ ಜೂನ್‌ನಲ್ಲಿ ಆಗಿನ ರಕ್ಷಣಾ ಸಚಿವೆ ತೊಮೊಮಿ ಇನಾದಾ ಸಂಸತ್ತಿನಲ್ಲಿ ಇದನ್ನು ನೇರವಾಗಿ ಹೇಳಿದರು: ಈ ಷರತ್ತು ಪೂರೈಸದಿದ್ದರೆ ಫುತೆನ್ಮಾ ವಾಪಸು ಬರುವುದಿಲ್ಲ. ಯಾವ ವಿಮಾನ ನಿಲ್ದಾಣ ಎಂದು ಆ ಯೋಜನೆಯಲ್ಲಿ ಹೆಸರಿಸಿಲ್ಲ. ‘ಅಲ್ಲಿಯವರೆಗೆ’ ಎಂಬ ಪದಕ್ಕೆ ಕೊನೆಯ ದಿನ ಹಾಕದ 1951ರ 3ನೇ ವಿಧಿಯ ಹಾಗೆಯೇ ಇಲ್ಲೂ ಗಡುವಿನ ಜಾಗ ಖಾಲಿ ಇದೆ.